‘ಬರೆ’ಗೆ ಎರಡು ಪುಟ ಕೊಡಿ, ‘ಈಸೆಲ್’ ಬಿಟ್ಟುಬಿಡಿ

ನಮಸ್ಕಾರ.

ಚಿತ್ರಕಲೆಯ ಪದಗಳ ಹುಟ್ಟು ಮತ್ತು ಅರ್ಥಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ನಮಗೆ ಬೇಕು. ಹಾಗಾಗಿ ಎಲ್ಲಿ ಎಡವಿದ್ದೀರಿ, ಹೇಗೆ ಸರಿಪಡಿಸಬಹುದು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇವೆ.

ಮೊದಲು ಒಂದು ಲೆಕ್ಕ. 1800 ಪದಗಳ ಲೇಖನದಲ್ಲಿ 45 ಪದಗಳ ಹುಟ್ಟನ್ನು ಹೇಳಹೊರಟಿದ್ದೀರಿ. ಒಂದೊಂದಕ್ಕೆ ದಕ್ಕಿದ್ದು 40 ಪದ. ಅಷ್ಟರಲ್ಲಿ ‘ಇದು ಲ್ಯಾಟಿನ್ನಿನದು, ಅದು ಸಂಸ್ಕೃತದ್ದು’ ಎಂದು ಹೇಳಿ ಮುಂದೆ ಹೋಗುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಒಂದು ಪದ ಎಲ್ಲಿಂದ ಹೊರಟಿತು ಎಂದಷ್ಟೇ ತಿಳಿದರೆ ಓದುಗರಿಗೆ ಏನೂ ಸಿಕ್ಕಂತಾಗಲಿಲ್ಲ; ನಡುವೆ ಎಲ್ಲೆಲ್ಲಿ ನಿಂತಿತು, ಯಾವ ಅರ್ಥ ಕಳಚಿತು, ಯಾವುದನ್ನು ಹೊತ್ತು ತಂದಿತು ಎಂಬುದು ಬೇಕು. ಆರೇಳು ಪದ ಇಟ್ಟುಕೊಂಡು ಉಳಿದವನ್ನು ತೆಗೆಯಿರಿ. ಚಿತ್ರದ ಹಲಗೆ ನಿಲ್ಲಿಸುವ ಚೌಕಟ್ಟಾದ ಈಸೆಲ್ ಎಂದರೆ ಡಚ್ ಭಾಷೆಯಲ್ಲಿ ಕತ್ತೆ ಎಂಬುದು ನಿಜ, ಸೊಗಸಾಗಿಯೂ ಇದೆ. ಆದರೆ ಅದು ಎಲ್ಲ ಪಟ್ಟಿಗಳಲ್ಲೂ ಸಿಗುತ್ತದೆ, ಮತ್ತು ಕನ್ನಡದ ಓದುಗರಿಗೆ ನೀವೇ ಹೇಳಬೇಕಾದ ಸಂಗತಿ ಅದಲ್ಲ.

ಎರಡನೆಯ ಮಾತು ಇನ್ನೂ ಮುಖ್ಯ. ನಿಮ್ಮ ಪಟ್ಟಿಯಲ್ಲಿ ಇರುವುದೆಲ್ಲ ನಾಮಪದಗಳು: ಚಿತ್ರ, ರೇಖೆ, ವರ್ಣ, ಕುಂಚ, ಕ್ರೇಯಾನ್, ಸ್ಕೆಚ್. ಇವುಗಳಲ್ಲಿ ಹೆಚ್ಚಿನವು ಕನ್ನಡಕ್ಕೆ ಬೇರೆಡೆಯಿಂದ ಬಂದವು. ಕನ್ನಡ ತನ್ನದೇ ಕೈಯಿಂದ ಗೆರೆ ಮೂಡಿಸುವುದು ಕ್ರಿಯಾಪದಗಳಲ್ಲಿ. ಬರೆ, ಎಳೆ, ಗೀಚು, ಗೀರು, ತಿದ್ದು, ತೀಡು, ಬಿಡಿಸು ಇವುಗಳಲ್ಲಿ ಒಂದೇ ಒಂದಕ್ಕೂ ನೀವು ಒಂದು ಪ್ಯಾರಾ ಕೊಟ್ಟಿಲ್ಲ. ‘ಬರೆ’ಯ ಬಗ್ಗೆ ಇರುವುದು ಒಂದೇ ವಾಕ್ಯ: “ಬರೆ ಎಂದರೆ ಅಕ್ಷರ ಬರೆಯುವುದು, ಚಿತ್ರ ಬರೆಯುವುದು ಎರಡೂ ಆಗುತ್ತದೆ.” ಇಲ್ಲೇ ಲೇಖನ ಶುರುವಾಗಬೇಕಿತ್ತು.

ಆ ಪದವನ್ನು ಹೇಗೆ ಬೆಳೆಸಬಹುದೆಂದು ನೋಡಿ. ತಮಿಳಿನಲ್ಲಿ ವರೈ ಎಂದರೆ ಗೆರೆ ಎಳೆ, ಚಿತ್ರಿಸು. ಮಲಯಾಳದಲ್ಲಿ ವರ ಎಂದರೆ ಗೆರೆ. ತೆಲುಗಿನಲ್ಲಿ ವ್ರಾಯು, ಈಗಿನ ಮಾತಿನಲ್ಲಿ ರಾಯು, ಅಂದರೆ ಬರೆ. ಉಳಿದ ಮೂರರಲ್ಲಿ ‘ವ’ ಇರುವಾಗ ಕನ್ನಡದಲ್ಲಿ ‘ಬ’ ಏಕೆ? ತಮಿಳಿನ ವಾ ಕನ್ನಡದಲ್ಲಿ ಬಾ, ವೇರ್ ಬೇರು, ವಿಲ್ ಬಿಲ್ಲು, ವಾೞ್ ಬಾಳು. ಪದದ ಮೊದಲ ವಕಾರ ಕನ್ನಡದಲ್ಲಿ ಬಕಾರವಾಗುವುದು ಒಂದು ಕ್ರಮ. ಈ ನಾಲ್ಕು ಜೋಡಿಗಳನ್ನು ಪಕ್ಕದಲ್ಲಿಟ್ಟರೆ ವರೈ ಮತ್ತು ಬರೆ ಒಂದೇ ಮನೆಯವು ಎಂದು ಓದುಗರೇ ಒಪ್ಪುತ್ತಾರೆ. ನೀವು ಒತ್ತಿ ಹೇಳಬೇಕಾಗಿಲ್ಲ.

ಆಮೇಲೆ ಅರ್ಥದ ಸರಪಳಿ. ಸೋದರ ಭಾಷೆಗಳಲ್ಲೆಲ್ಲ ಗೆರೆಯ ಅರ್ಥ ಗಟ್ಟಿಯಾಗಿರುವುದರಿಂದ ಅದನ್ನು ಬುಡದಲ್ಲಿಡಿ. ಗೆರೆಯಿಂದ ಚಿತ್ರ ಮತ್ತು ಅಕ್ಷರ ಎರಡೂ ಕವಲೊಡೆದವು. ಕಾದ ಕಬ್ಬಿಣದಿಂದ ಮೈಮೇಲೆ ಎಳೆದ ಗೆರೆಯೂ ‘ಬರೆ’ಯೇ ಆಯಿತು. ‘ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ’ ಎಂಬ ಗಾದೆಯನ್ನು ನೀವು ಬೇರೆ ಕಡೆ, ಅನುಕರಣೆಯ ಬಗ್ಗೆ ಹೇಳುವಾಗ ಬಳಸಿದ್ದೀರಿ. ಅದನ್ನು ಇಲ್ಲಿಗೆ ತನ್ನಿ. ಹುಲಿಯ ಮೈಯ ಪಟ್ಟೆಯೂ ನರಿಯ ಮೈಯ ಸುಟ್ಟ ಗಾಯವೂ ಒಂದೇ ಪದದಲ್ಲಿ ಕೂತಿರುವುದರಿಂದಲೇ ಆ ಗಾದೆ ನಿಲ್ಲುತ್ತದೆ. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎನ್ನುವಲ್ಲಿ ಸುಡುವ ಅರ್ಥವೊಂದೇ ಉಳಿದಿದೆ. ‘ಹಣೆಬರಹ’ದಲ್ಲಿ ಅಕ್ಷರದ ಅರ್ಥ. ಈ ಮೂರನ್ನು ಇದೇ ಕ್ರಮದಲ್ಲಿಟ್ಟರೆ ಒಂದು ಇಡೀ ಭಾಗ ಸಿದ್ಧ.

ಇಷ್ಟಾದ ಮೇಲೆ ಹೊರಗಿನ ಭಾಷೆಗಳಿಗೆ ಹೋದರೆ ಹೋಲಿಕೆಗೆ ತೂಕ ಬರುತ್ತದೆ. ಸಂಸ್ಕೃತದ ಲಿಖ್ ಧಾತುವಿನ ಮೂಲ ಅರ್ಥ ಕೆರೆ, ಗೀರು. ಅದರಿಂದ ಲೇಖವೂ ಬಂತು, ಚಿತ್ರವೆಂಬ ಅರ್ಥದ ಆಲೇಖ್ಯವೂ ಬಂತು. ರಕಾರ ಲಕಾರಗಳ ಅದಲುಬದಲಿನಲ್ಲಿ ರೇಖೆಯೂ ಅದೇ ಕುಟುಂಬದ್ದು. ಗ್ರೀಕಿನ ಗ್ರಾಫೈನ್ ಕೂಡ ಮೊದಲು ಗೀರು, ಆಮೇಲೆ ಬರೆ ಮತ್ತು ಚಿತ್ರಿಸು. ಇಂಗ್ಲಿಷಿನ ರೈಟ್‌ನ ಹಳೆಯ ಅರ್ಥವೂ ಗೀರುವುದೇ. ಈ ಭಾಷೆಗಳೆಲ್ಲ ಗಟ್ಟಿ ಮೇಲ್ಮೈಯನ್ನು ಮೊನೆಯಿಂದ ಕೆರೆಯುವ ಕೆಲಸದಿಂದ ಬರವಣಿಗೆಗೆ ಬಂದಿವೆ. ಕನ್ನಡ ಗೆರೆಯಿಂದ ಬಂದಿದೆ. ಇದು ನಿಮ್ಮ ಲೇಖನದ ನಡುಗಂಬವಾಗಬಲ್ಲ ಮಾತು.

ಈಗ ತಪ್ಪುಗಳು. “ಎಳೆಯ ಕೈಗಳು ಎಳೆಯುವುದರಿಂದ ಗೆರೆ ‘ಎಳೆ’ಯುವುದು ಎಂಬ ಮಾತು ಬಂತು” ಎಂದಿದ್ದೀರಿ. ಕಿವಿಗೆ ಇಂಪಾಗಿದೆ, ಆದರೆ ನಿಲ್ಲುವುದಿಲ್ಲ. ಹಳಗನ್ನಡದಲ್ಲಿ ‘ಜಗ್ಗು’ ಎಂಬ ಅರ್ಥದ ಪದ ಎೞೆ. ‘ಕೋಮಲ’ ಎಂಬ ಅರ್ಥದ್ದು ಎಳ, ಎಳೆ. ಆ ಎರಡು ಅಕ್ಷರಗಳು ಬೇರೆ, ಉಚ್ಚಾರಣೆಯೂ ಬೇರೆ. ನಾವು ೞಕಾರವನ್ನು ಕಳೆದುಕೊಂಡು ಎರಡನ್ನೂ ಳಕಾರದಲ್ಲಿ ಬರೆಯುತ್ತಿರುವುದರಿಂದ ಈಗ ಒಂದೇ ಪದದಂತೆ ಕಾಣುತ್ತವೆ. ತಮಿಳು ವ್ಯತ್ಯಾಸ ಉಳಿಸಿಕೊಂಡಿದೆ: ಇೞು ಎಂದರೆ ಜಗ್ಗು, ಇಳ ಎಂದರೆ ಕೋಮಲ. ಕನ್ನಡದಲ್ಲಿ ಳ ಅಥವಾ ರ ಇರುವ ಯಾವ ಪದವನ್ನು ಕೈಗೆತ್ತಿಕೊಂಡರೂ ಮೊದಲು ಅದು ಹಿಂದೆ ೞ ಅಥವಾ ಱ ಆಗಿತ್ತೇ ಎಂದು ನೋಡಿ. 1894ರ ಕಿಟೆಲ್ ನಿಘಂಟು ಈ ಅಕ್ಷರಗಳನ್ನು ಬೇರೆಯಾಗಿಯೇ ಕೊಡುತ್ತದೆ. ಸೋದರ ರೂಪಗಳಿಗೆ ಬರೋ ಮತ್ತು ಎಮಿನೋ ಅವರ ದ್ರಾವಿಡ ಪದಮೂಲ ನಿಘಂಟು ಇದೆ. 1984ರ ಪರಿಷ್ಕೃತ ಮುದ್ರಣವನ್ನೇ ನೋಡಿ, 1961ರದ್ದರಲ್ಲಿ ಕ್ರಮಸಂಖ್ಯೆಗಳು ಬೇರೆ.

ಇಂಥದೇ ಇನ್ನೊಂದು. ತಿದ್ದು, ತೀಡು ಎರಡೂ ಒಂದೇ ಪದದ ರೂಪಗಳೆಂದು ಬರೆದಿದ್ದೀರಿ. ತಿದ್ದುವಿನ ಹಳೆಯ ರೂಪ ತಿರ್ದು. ಮರ್ದು ಮದ್ದಾದ ಹಾಗೆ, ಇರ್ದು ಇದ್ದು ಆದ ಹಾಗೆ ಇದೂ ಬದಲಾಯಿತು. ತಮಿಳಿನ ತಿರುತ್ತು ಅದರ ಜೊತೆಗಾರ, ಸರಿಪಡಿಸು ಎಂಬ ಅರ್ಥ. ತೀಡುವುದರ ಹಿಂದೆ ಉಜ್ಜುವ, ಮಸೆಯುವ, ಸವರುವ ಅರ್ಥವಿದೆ. ತಮಿಳಿನ ತೀಟ್ಟು ಇದರ ಜೊತೆಯದು. ಮಗು ಬರೆದ ಅಕ್ಷರದ ಮೇಲೆ ಮತ್ತೆ ಕೈಯಾಡಿಸಿ ತಿದ್ದುತ್ತದೆ. ಹುಬ್ಬನ್ನು ತೀಡುತ್ತಾರೆ. ಬಳಕೆಯನ್ನು ಸ್ವಲ್ಪ ನಿಧಾನವಾಗಿ ಕೇಳಿಸಿಕೊಂಡಿದ್ದರೂ ಈ ತಪ್ಪು ಆಗುತ್ತಿರಲಿಲ್ಲ.

ಚಿತ್ರ ಎಂದರೆ ‘ಚಿತ್ತವನ್ನು ಕಾಪಾಡುವುದು’, ಚಿತ್ತ ಕೂಡಿಸು ತ್ರಾಣ, ಎಂದಿದ್ದೀರಿ. ಇಲ್ಲಿ ಗುರಿಯ ಹತ್ತಿರ ಹೋಗಿ ತಪ್ಪಿದ್ದೀರಿ. ಚಿತ್ತ, ಚಿತ್ರ ಎರಡೂ ಚಿತ್ ಧಾತುವಿನವೇ. ಆದರೆ ಇಲ್ಲಿರುವ ‘ರ’ ಬರಿಯ ಪ್ರತ್ಯಯ, ತ್ರಾಣಕ್ಕೂ ಅದಕ್ಕೂ ಸಂಬಂಧವಿಲ್ಲ. ಚಿತ್ ಎಂದರೆ ಅರಿ, ಗಮನಿಸು, ಕಣ್ಣಿಗೆ ಬೀಳು. ವೇದದಲ್ಲಿ ಚಿತ್ರ ಎಂದರೆ ಹೊಳೆಯುವ, ಎದ್ದು ಕಾಣುವ. ಚಿತ್ರಾ ನಕ್ಷತ್ರದ ಹೆಸರಿನಲ್ಲಿ ಆ ಹೊಳಪು ಉಳಿದಿದೆ. ಹೊಳೆಯುವುದರಿಂದ ಬಣ್ಣಬಣ್ಣದ್ದು, ಚುಕ್ಕೆಚುಕ್ಕೆಯದ್ದು ಎಂಬ ಅರ್ಥ ಬಂತು: ಚೀತಾ ಎಂಬ ಪ್ರಾಣಿಯ ಹೆಸರು ಅಲ್ಲಿಯದು, ನಮ್ಮ ಚಿತ್ರಾನ್ನವೂ ಅಲ್ಲಿಯದೇ. ಬಗೆಬಗೆಯಾದದ್ದು ಬೆರಗು ಹುಟ್ಟಿಸುವುದರಿಂದ ವಿಚಿತ್ರ. ಬರೆದ ಚಿತ್ರ ಈ ಸಾಲಿನಲ್ಲಿ ಕೊನೆಗೆ ಬಂದದ್ದು. ನೀವು ಅದನ್ನೇ ಮೊದಲಿಟ್ಟಿದ್ದರಿಂದ ಉಳಿದ ಅರ್ಥಗಳೆಲ್ಲ ‘ರೂಢಿಯಿಂದ ಬಂದವು’ ಎಂದು ಜಾರಿಸಬೇಕಾಯಿತು.

ಪೆನ್ಸಿಲ್ ಪದ ‘ಪೆನ್’ನಿಂದ ಬಂತು ಎಂದಿರುವುದೂ ಸರಿಯಲ್ಲ. ಪೆನ್ ಬಂದದ್ದು ಗರಿ ಎಂಬ ಅರ್ಥದ ಲ್ಯಾಟಿನ್ ಪೆನ್ನಾದಿಂದ. ಪೆನ್ಸಿಲ್ ಬಂದದ್ದು ಪೆನಿಕಿಲ್ಲಸ್‌ನಿಂದ, ಅಂದರೆ ಪುಟ್ಟ ಬಾಲ. ಅದು ಕುಂಚದ ಹೆಸರು. ಇಂಗ್ಲಿಷಿನಲ್ಲೂ ಪೆನ್ಸಿಲ್ ಎಂದರೆ ಬಹುಕಾಲ ಬಣ್ಣದ ಕುಂಚವೇ ಆಗಿತ್ತು. ಅದೇ ಮೂಲದ ಇನ್ನೊಂದು ಪದ ಪೆನಿಸಿಲಿನ್ ಎಂಬ ಔಷಧದ ಹೆಸರು: ಅದನ್ನು ಕೊಡುವ ಬೂಷ್ಟಿನ ಕವಲುಗಳು ಕುಂಚದ ಹಾಗೆ ಕಾಣುವುದರಿಂದ ಪೆನಿಸಿಲಿಯಂ ಎಂಬ ಹೆಸರು, ಅದರಿಂದ 1929ರಲ್ಲಿ ಫ್ಲೆಮಿಂಗ್ ಕೊಟ್ಟ ಪೆನಿಸಿಲಿನ್ ಎಂಬ ಹೆಸರು. ಇದರ ಪಕ್ಕದಲ್ಲಿ ಕನ್ನಡದ ಹಳೆಯ ‘ಸೀಸದ ಕಡ್ಡಿ’ಯನ್ನು ಇಡಿ. ನೀವು “ಮೊದಲು ಸೀಸ ತುಂಬುತ್ತಿದ್ದರು, ಈಗ ಗ್ರಾಫೈಟ್” ಎಂದಿದ್ದೀರಿ. ಮರದ ಪೆನ್ಸಿಲ್ಲಿನ ಒಳಗಡ್ಡಿ ಮೊದಲಿನಿಂದಲೂ ಗ್ರಾಫೈಟೇ. 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್‌ನಲ್ಲಿ ಸಿಕ್ಕ ಆ ಕಪ್ಪು ಖನಿಜವನ್ನು ಸೀಸದ ಒಂದು ಬಗೆ ಎಂದುಕೊಂಡಿದ್ದರು. ಅದು ಇಂಗಾಲವೆಂದು 1779ರಲ್ಲಿ ರಸಾಯನ ವಿಜ್ಞಾನಿ ಷೀಲೆ ತೋರಿಸಿದ. ಗ್ರಾಫೈನ್‌ನಿಂದ ಗ್ರಾಫೈಟ್ ಎಂದು 1789ರಲ್ಲಿ ಭೂವಿಜ್ಞಾನಿ ವರ್ನರ್ ಹೆಸರಿಟ್ಟ. ತಪ್ಪು ತಿಳಿವಳಿಕೆ ಹೋದರೂ ಹೆಸರು ಉಳಿದು ಕನ್ನಡದವರೆಗೆ ಬಂತು.

ಪುಟ್ಟ ಚಿತ್ರ ಎಂಬ ಅರ್ಥದ ಮಿನಿಯೇಚರ್‌ಗೆ ‘ಮಿನಿ’ ಮೂಲವಲ್ಲ. ಲ್ಯಾಟಿನ್ನಿನ ಮಿನಿಯಂ ಎಂದರೆ ಸಿಂಧೂರದಂಥ ಕೆಂಬಣ್ಣ. ಹಸ್ತಪ್ರತಿಗಳಿಗೆ ಆ ಬಣ್ಣ ಹಾಕುವ ಕೆಲಸದಿಂದ ಪದ ಹುಟ್ಟಿತು. ಆ ಚಿತ್ರಗಳು ಚಿಕ್ಕವಾಗಿದ್ದವು, ಪದವೂ ಮಿನಿಮಮ್ ಹಾಗೆ ಕೇಳಿಸುತ್ತಿತ್ತು, ಜನ ಎರಡನ್ನೂ ಬೆಸೆದರು. ಹಾಗಾಗಿ ನಿಮ್ಮ ತಪ್ಪು ಹಳೆಯದೇ, ಅರ್ಥವನ್ನು ಬದಲಿಸುವಷ್ಟು ಬಲವಾದದ್ದು. ಅದನ್ನು ತಪ್ಪು ಎಂದೇ ಹೇಳಿ ಬರೆದರೆ ಈ ಪ್ಯಾರಾ ಉಳಿಸಿಕೊಳ್ಳಬಹುದು. ಕಾರ್ಟೂನ್ ಪತ್ರಿಕೆಗಳಲ್ಲಿ ಹುಟ್ಟಿದ ಪದವಲ್ಲ. ಇಟಲಿಯ ಕಾರ್ಟೋನೆ ಎಂದರೆ ದೊಡ್ಡ ದಪ್ಪ ಕಾಗದ, ಭಿತ್ತಿಚಿತ್ರಕ್ಕೆ ಮೊದಲು ಅದರ ಮೇಲೆ ಪೂರ್ಣ ಅಳತೆಯಲ್ಲಿ ಬರೆಯುತ್ತಿದ್ದ ಚಿತ್ರ. ನಗೆಯ ಅರ್ಥ ಅಂಟಿದ್ದು 1843ರಲ್ಲಿ, ಲಂಡನ್ನಿನ ಪಂಚ್ ಪತ್ರಿಕೆ ಪಾರ್ಲಿಮೆಂಟ್ ಭವನದ ಭಿತ್ತಿಚಿತ್ರಗಳ ಕಾರ್ಟೂನ್ ಪ್ರದರ್ಶನವನ್ನು ಅಣಕಿಸಿದಾಗ. ಡ್ರಾಯಿಂಗ್ ರೂಮಿಗೂ ಚಿತ್ರಕ್ಕೂ ಸಂಬಂಧವಿಲ್ಲ, ಅದು ‘ವಿತ್‌ಡ್ರಾಯಿಂಗ್ ರೂಮ್’, ಊಟವಾದ ಮೇಲೆ ಹಿಂದೆ ಸರಿದು ಕೂರುವ ಕೋಣೆ. ತೆಗೆಯಿರಿ.

ಶಾಸ್ತ್ರಗಳ ಭಾಗದಲ್ಲಿ ಎರಡು ತಿದ್ದುಪಡಿ. ರೂಪಭೇದ, ಪ್ರಮಾಣ ಮುಂತಾದ ಚಿತ್ರಕಲೆಯ ಆರು ಅಂಗಗಳನ್ನು ಕಾಮಸೂತ್ರ ಬರೆದ ವಾತ್ಸ್ಯಾಯನ ಹೇಳಿದ್ದಾಗಿ ಬರೆದಿದ್ದೀರಿ. ಕಾಮಸೂತ್ರದ ಕಲೆಗಳ ಪಟ್ಟಿಯಲ್ಲಿ ಇರುವುದು ಆಲೇಖ್ಯ ಎಂಬ ಒಂದು ಪದ ಮಾತ್ರ. ಆರು ಅಂಗಗಳ ಶ್ಲೋಕ ಬರುವುದು ಬಹಳ ಕಾಲದ ನಂತರ ಯಶೋಧರ ಬರೆದ ಜಯಮಂಗಲಾ ವ್ಯಾಖ್ಯಾನದಲ್ಲಿ. ಇನ್ನೊಂದು, “ಲಿಪಿ ಎಂದರೆ ಲೇಪಿಸಿದ್ದು” ಎಂಬ ಖಚಿತ ಮಾತು. ಅಶೋಕನ ವಾಯವ್ಯದ ಶಾಸನಗಳಲ್ಲಿ ಇದೇ ಪದ ‘ದಿಪಿ’ ಎಂದಿದೆ, ಹಳೆಯ ಪರ್ಷಿಯನ್ನಿನ ಪದವೂ ದಿಪಿಯೇ; ಪದ ಅಲ್ಲಿಂದ ಬಂದಿರಬಹುದು. ಲಿಪ್ ಧಾತುವನ್ನು ಹೇಳುವುದಾದರೆ ಇದನ್ನೂ ಹೇಳಲೇಬೇಕು. ಉದಾಹರಣೆ ನಮ್ಮಲ್ಲೇ ಇದೆ: ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಅಶೋಕ ಶಾಸನಗಳನ್ನು ಬರೆದವನು ಚಪಡ. ಬರಹ ಬ್ರಾಹ್ಮಿ ಲಿಪಿಯಲ್ಲಿದ್ದು, ‘ಲಿಪಿಕರೇಣ’ (ಲಿಪಿಕಾರನಿಂದ) ಎಂಬ ತನ್ನ ಕಸುಬಿನ ಪದವನ್ನು ಮಾತ್ರ ಅವನು ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಪದ ಬಂದ ದಿಕ್ಕನ್ನು ತೋರಿಸಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥವನ್ನು ಹೆಸರಿಸಿ ಬಿಟ್ಟಿದ್ದೀರಿ. ಅದರೊಳಗೆ ಹೋಗಿ. ಪುಡಿಯಿಂದ ಬರೆದದ್ದಕ್ಕೆ ಧೂಳಿಚಿತ್ರ ಎಂಬ ಹೆಸರು ಅಲ್ಲಿದೆ. ಕಾಡಿಗೆಯನ್ನು ಅನ್ನದ ಅಗುಳಿನ ಜೊತೆ ಅರೆದು, ಬತ್ತಿಯಂತೆ ಹೊಸೆದು ಮಾಡಿದ ಬರೆಯುವ ಕಡ್ಡಿಗೆ ವರ್ತಿಕಾ ಎನ್ನುತ್ತದೆ. ನಮ್ಮ ‘ಬತ್ತಿ’ಯೂ ಅದೇ ವರ್ತಿಯ ಮಗಳು. ‘ಪಟ’ದ ಪ್ಯಾರಾ ಲೇಖನದಲ್ಲೇ ಚೆನ್ನಾಗಿದೆ: ಬಟ್ಟೆ, ಹಾಯಿ, ಗಾಳಿಪಟ, ಗೋಡೆಯ ಮೇಲಿನ ಪಟ, ಭೂಪಟ. ಅದನ್ನು ಮುಟ್ಟಬೇಡಿ. ‘ಶಾಯಿ’ಯ ಸಂಗತಿಯೂ ಚೆನ್ನಾಗಿದೆ, ಆದರೆ ಉದ್ದವಾಯಿತು: ಪರ್ಷಿಯನ್ನಿನ ಸಿಯಾಹಿ ಎಂದರೆ ಕಪ್ಪು, ಆದರೂ ನಾವು ನೀಲಿ ಶಾಯಿ, ಕೆಂಪು ಶಾಯಿ ಎನ್ನುತ್ತೇವೆ. ಒಂದೇ ವಾಕ್ಯ ಸಾಕು, ನೀವು ಆರು ವಾಕ್ಯ ಮಾಡಿದ್ದೀರಿ.

ಭಾಷೆಯ ಬಗ್ಗೆ ಒಂದು ಮಾತು. “ಈ ಪದವು ಸಂಸ್ಕೃತ ಮೂಲದ ವ್ಯುತ್ಪತ್ತಿಯನ್ನು ಹೊಂದಿರುತ್ತದೆ” ಎಂಬ ವಾಕ್ಯ ಹನ್ನೊಂದು ಕಡೆ ಬಂದಿದೆ. ‘ಇದು ಸಂಸ್ಕೃತದಿಂದ ಬಂದದ್ದು’ ಎನ್ನಿ. ‘ಬಣ್ಣ’ಕ್ಕೆ ಬಂದಾಗ ಅದೂ ಸಾಲದು: ಸಂಸ್ಕೃತದ ವರ್ಣ ಪ್ರಾಕೃತದಲ್ಲಿ ವಣ್ಣವಾಗಿ ಕನ್ನಡಕ್ಕೆ ಬಣ್ಣವಾಗಿ ಬಂತು, ಆಮೇಲೆ ವರ್ಣವೂ ನೇರವಾಗಿ ಬಂತು. ಹಾಗಾಗಿಯೇ ನಮ್ಮಲ್ಲಿ ಬಣ್ಣಿಸು, ವರ್ಣಿಸು ಎರಡೂ ಇವೆ.

ಹೊಸ ಕರಡು 1500 ಪದ ಮೀರದಿರಲಿ. ಪ್ರತಿ ಪದಕ್ಕೂ ಒಂದು ಚೀಟಿ ಮಾಡಿಕೊಳ್ಳಿ: ಸಿಕ್ಕ ಅತಿ ಹಳೆಯ ರೂಪ, ಸೋದರ ಭಾಷೆಗಳ ರೂಪ, ಅದೇ ಬಗೆಯ ಧ್ವನಿ ಬದಲಾವಣೆಗೆ ಕನಿಷ್ಠ ಎರಡು ಬೇರೆ ಉದಾಹರಣೆ, ಅರ್ಥ ಬದಲಾದ ಕ್ರಮ. ನಾಲ್ಕರಲ್ಲಿ ಎರಡು ಮನೆ ಖಾಲಿ ಉಳಿದರೆ ಆ ಪದ ಈ ಲೇಖನಕ್ಕೆ ಬೇಡ. ಚೀಟಿಗಳನ್ನೂ ಕರಡಿನ ಜೊತೆ ಕಳಿಸಿ, ಪರಿಶೀಲನೆಗೆ ಬೇಕು.

‘ಬಿಡಿಸು’ ಪದವನ್ನು ಕೊನೆಯ ಭಾಗಕ್ಕೆ ಇಟ್ಟುಕೊಳ್ಳಿ. ಗಂಟು ಬಿಡಿಸುತ್ತೇವೆ, ಸಿಕ್ಕು ಬಿಡಿಸುತ್ತೇವೆ, ಕಾಳು ಬಿಡಿಸುತ್ತೇವೆ, ಗಿಡದಿಂದ ಹೂ ಬಿಡಿಸುತ್ತೇವೆ. ಒಗಟು, ಲೆಕ್ಕ ಬಿಡಿಸುತ್ತೇವೆ. ಅಕ್ಷರ ಕೂಡಿಕೊಂಡಿದ್ದರೆ ‘ಬಿಡಿಸಿ ಬರೆ’ ಎನ್ನುತ್ತೇವೆ, ಮಾತು ಅರ್ಥವಾಗದಿದ್ದರೆ ‘ಬಿಡಿಸಿ ಹೇಳು’. ರಂಗೋಲಿಯನ್ನೂ ಚಿತ್ರವನ್ನೂ ಬಿಡಿಸುತ್ತೇವೆ. ಒತ್ತಾಗಿ ಸೇರಿಕೊಂಡದ್ದನ್ನು ಬೇರೆಬೇರೆಯಾಗಿ ಕಾಣುವಂತೆ ಮಾಡುವ ಕೆಲಸ ಈ ಎಲ್ಲದರಲ್ಲೂ ಇದೆ. ಬಳಕೆಗಳನ್ನು ಇದೇ ಸಾಲಿನಲ್ಲಿ ಜೋಡಿಸಿ, ನಡುವೆ ವಿವರಣೆ ತುರುಕಬೇಡಿ. ನಿಮ್ಮ ಊರಿನ ಮಾತಿನಲ್ಲಿ ಇದಕ್ಕೆ ಇನ್ನೂ ಬಳಕೆಗಳಿದ್ದರೆ ಅವನ್ನು ಮೊದಲಿಡಿ.