ಒಂದೇ ಸಂಚಿಕೆ ಎಂದರೆ, ಆ ಟೀಪಾಟ್‌ನದೇ

ಸರಣಿಯ ಹಿಂದುಮುಂದು ತಿಳಿಯದವರೂ ನೋಡಬಹುದಾದ, ಅತಿಸಿಹಿಯಿಲ್ಲದ ಒಂದೇ ಒಂದು ಕ್ರಿಸ್‌ಮಸ್ ಸಂಚಿಕೆ ಹೇಳಿ ಎಂದು ಕೇಳಿದ್ದೀರಿ. ನಾನಾದರೆ ಕಣ್ಣು ಮುಚ್ಚಿಕೊಂಡು ಅಮೆರಿಕದ ಹಾಸ್ಯ ಸರಣಿ ‘ದಿ ಆಫೀಸ್’ನ ಎರಡನೇ ಸೀಸನ್ನಿನ ‘ಕ್ರಿಸ್‌ಮಸ್ ಪಾರ್ಟಿ’ ಎನ್ನುತ್ತೇನೆ, 2005ರದು.

ಕಚೇರಿಯಲ್ಲಿ ಚೀಟಿ ಎತ್ತಿ ಗುಟ್ಟಾಗಿ ಉಡುಗೊರೆ ಕೊಡುವ ಆಟ. ಮಿತಿ 20 ಡಾಲರ್. ಬಾಸ್ ಮೈಕಲ್ ತಂದದ್ದು ಮಾತ್ರ 400 ಡಾಲರಿನ ಐಪಾಡ್! ತನಗೆ ಸಹೋದ್ಯೋಗಿ ಫಿಲಿಸ್ ಹೆಣೆದ ಕೈಗವಸು ಸಿಕ್ಕಿತೆಂದು ಮುಖ ಸಿಂಡರಿಸಿ, ಒಬ್ಬರದನ್ನು ಇನ್ನೊಬ್ಬರು ಕಸಿದುಕೊಳ್ಳುವ ಆಟವನ್ನಾಗಿ ಅದನ್ನು ಬದಲಿಸಿಬಿಡುತ್ತಾನೆ. ಅಲ್ಲಿಗೆ ಹಬ್ಬ ಕೆಟ್ಟಿತು. ತಾನು ಗುಟ್ಟಾಗಿ ಪ್ರೀತಿಸುವ ಸಹೋದ್ಯೋಗಿ ಪ್ಯಾಮ್‌ಗೆಂದೇ ಜಿಮ್ ಆರಿಸಿ ತಂದ ಟೀಪಾಟ್ ಇನ್ನೊಬ್ಬ ಸಹೋದ್ಯೋಗಿ ಡ್ವೈಟ್‌ನ ಪಾಲಾಗುತ್ತದೆ, ಅದೂ ಮೂಗು ತೊಳೆಯುವುದಕ್ಕೆ. (ನಮ್ಮ ಜಲನೇತಿಯ ಗಿಂಡಿ ನೆನಪಾಗಿ ನನಗೆ ಎರಡು ಪಟ್ಟು ನಗು.)

ಕೊನೆಗೆ ಅದು ಪ್ಯಾಮ್ ಕೈ ಸೇರುತ್ತದೆ. ಆದರೆ ಜೊತೆಗಿಟ್ಟಿದ್ದ ಪತ್ರವನ್ನು ಜಿಮ್ ಸದ್ದಿಲ್ಲದೆ ತೆಗೆದು ಜೇಬಿಗಿಳಿಸುತ್ತಾನೆ. ಆ ಕೈಯ ಮೇಲೆ ಕಣ್ಣಿಡಿ.

ಬ್ರಿಟನ್ನಿನ ಮೂಲ ಸರಣಿಯ 2003ರ ಕ್ರಿಸ್‌ಮಸ್ ವಿಶೇಷ ಇನ್ನೂ ಒಂದು ತೂಕ ಹೆಚ್ಚೇ, ಆದರೆ ಅದಕ್ಕೆ ಹಿಂದಿನದೆಲ್ಲ ನೋಡಿರಬೇಕು.