ಚಿತ್ರಗಳು ಬಹಳ ಇವೆ, ಕೆಲಸ ಮಾತ್ರ ಸಿಗುತ್ತಿಲ್ಲ

ಪ್ರಶ್ನೆ: ನಾನು ಡೊಂಬಿವಲಿಯವಳು, ವಯಸ್ಸು 24. ಅಂಧೇರಿಯ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯಬೇಕೆಂಬುದು ಬಹುದಿನದ ಆಸೆ. ನಟನಟಿಯರ ಮುಖಚಿತ್ರ, ಮಂಡಲ, ಕಾರ್ಟೂನ್ ಎಲ್ಲವನ್ನೂ ಸೇರಿಸಿ ಪ್ರಕಾಶಕರಿಗೆ ಕಳುಹಿಸಿದರೂ ಉತ್ತರವಿಲ್ಲ. ಕೆಲಸ ಬಿಟ್ಟು ಕಲಾಶಾಲೆ ಸೇರಲೇ? ಪರಿಚಿತರೊಬ್ಬರು, ತಮ್ಮ ಪುಸ್ತಕಕ್ಕೆ ಪುಕ್ಕಟೆಯಾಗಿ ಬರೆದುಕೊಟ್ಟರೆ ನಿನ್ನ ಪೋರ್ಟ್‌ಫೋಲಿಯೊಗೂ (ಕೆಲಸ ಕೇಳುವಾಗ ತೋರಿಸುವ ಚಿತ್ರಸಂಗ್ರಹಕ್ಕೂ) ಆಗುತ್ತದೆ ಎನ್ನುತ್ತಿದ್ದಾರೆ. ಒಪ್ಪಲೇ?

ಉತ್ತರ: ನಿಮ್ಮ ಕೈಯಲ್ಲಿ ಕಸುಬಿದೆ, ಕೊರತೆಯಿರುವುದು ಆಯ್ಕೆಯಲ್ಲಿ. ಮಕ್ಕಳ ಪುಸ್ತಕದ ಸಂಪಾದಕರು ಪೋರ್ಟ್‌ಫೋಲಿಯೊ ತೆರೆದಾಗ, ಮೂವತ್ತೆರಡು ಪುಟಗಳ ಕಥೆಯೊಂದನ್ನು ಈಕೆಗೆ ನಂಬಿ ಒಪ್ಪಿಸಬಹುದೇ ಎಂದು ನೋಡುತ್ತಾರೆ. ನಟಿಯ ಮುಖ ಎಷ್ಟೇ ಚೆನ್ನಾಗಿ ಹೋಲಿದರೂ ಅದಕ್ಕೆ ಉತ್ತರ ಸಿಗದು. ಮುಖಚಿತ್ರ, ಮಂಡಲಗಳನ್ನು ತೆಗೆದಿಡಿ. ಕಥೆ ಹೇಳುವ ಹನ್ನೆರಡು ಹದಿನೈದು ಚಿತ್ರಗಳಿದ್ದರೆ ಸಾಕು.

ಪತ್ರದ ಜೊತೆ ನೀವು ನನಗೆ ಕಳುಹಿಸಿದ್ದರಲ್ಲಿ ಮೂರು ಚಿತ್ರಗಳು ನನ್ನನ್ನು ಹಿಡಿದು ನಿಲ್ಲಿಸಿದವು: ಲೋಕಲ್ ರೈಲಿನ ಮಹಿಳಾ ಬೋಗಿಯಲ್ಲಿ ಸೊಪ್ಪು ಬಿಡಿಸುತ್ತ ಕುಳಿತ ಹೆಂಗಸು, ಪಕ್ಕದಲ್ಲೊಬ್ಬಳು ಪುಟ್ಟ ಹುಡುಗಿ. ಮೊದಲನೆಯದರಲ್ಲಿ ಆರು ವರ್ಷದವಳಂತೆ ಕಾಣುವ ಹುಡುಗಿ ಮೂರನೆಯದರಲ್ಲಿ ಹತ್ತರವಳಾಗಿದ್ದಾಳೆ, ಹೆಂಗಸಿನ ಮೂಗುತಿ ಎಡದಿಂದ ಬಲಕ್ಕೆ ಹೋಗಿದೆ, ಹುಡುಗಿಯ ಕೈಗಳು ಮೂರರಲ್ಲೂ ಬೆನ್ನ ಹಿಂದೆ ಅಡಗಿವೆ. ಸಂಪಾದಕರ ಕಣ್ಣಿಗೆ ಮೊದಲು ಬೀಳುವುದು ಇವೇ. ಆದರೂ ಕಡ್ಡಿಗಳು ಕೆಳಗೆ ಬೀಳದಂತೆ ಆಕೆ ಮಡಿಲಲ್ಲಿ ಹಾಸಿಕೊಂಡ ಪ್ಲಾಸ್ಟಿಕ್ ಚೀಲವನ್ನು ನೀವು ಬಿಟ್ಟಿಲ್ಲ. ಅದನ್ನು ದಿನವೂ ಆ ಬೋಗಿಯಲ್ಲಿ ಓಡಾಡುವವರೇ ಕಾಣಬಲ್ಲರು. ಅಲ್ಲಿಂದಲೇ ಆರಂಭಿಸಿ. ಅದೇ ಹುಡುಗಿಯನ್ನು ಓಡುವಾಗ, ಅಳುವಾಗ, ಬೆನ್ನು ತಿರುಗಿಸಿ ನಿಂತಾಗ, ಎಲ್ಲಿ ಕಂಡರೂ ಇವಳೇ ಎಂದು ಗುರುತು ಸಿಗುವವರೆಗೆ ಬರೆಯಿರಿ. ಬಳಿಕ ಒಂದು ಕಥೆಯನ್ನು ಆಯ್ದು, ಸಣ್ಣ ಕರಡು ಚೌಕಗಳಲ್ಲಿ ಇಡೀ ಪುಸ್ತಕವನ್ನು ಪುಟಪುಟವಾಗಿ ಹಂಚಿಕೊಂಡು, ಮೂರು ಜೋಡಿಪುಟಗಳನ್ನಾದರೂ ಅಕ್ಷರಕ್ಕೆ ಜಾಗ ಬಿಟ್ಟು ಪೂರ್ಣ ಬಣ್ಣದಲ್ಲಿ ಮುಗಿಸಿ. ಕಥೆಗಾಗಿ ಅಲೆಯಬೇಕಿಲ್ಲ, ಮಕ್ಕಳ ಪುಸ್ತಕಗಳ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಕಥೆಗಳಿವೆ, ಲೇಖಕರ ಹೆಸರು ನಮೂದಿಸಿ ಬಳಸಬಹುದು. ಮೂಲ ಕಡತ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲಿ, ಪುಟ ಕತ್ತರಿಸುವ ಅಂಚಿನಾಚೆಗೂ ಸುತ್ತಲೂ 3 ಮಿ.ಮೀ. ಹೆಚ್ಚುವರಿ ಬಣ್ಣ ಹಚ್ಚಿ.

ಕಲಾಶಾಲೆಯ ಶಿಕ್ಷಣವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಉಡುಪಿಯ ಕಡೆಯ ಕಟ್ಟಿಂಗೇರಿಯಿಂದ ಬಂದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಇದೇ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿದವರು. ಆದರೆ ಪ್ರಕಾಶಕರು ಪದವಿಪತ್ರ ಕೇಳುವುದು ಅಪರೂಪ, ಚಿತ್ರದ ಸಂಭಾವನೆ ಸಂಬಳದಂತೆ ತಿಂಗಳ ಕೊನೆಗೆ ಬರುವುದೂ ಇಲ್ಲ. ಆದ್ದರಿಂದ ಸದ್ಯಕ್ಕೆ ನೌಕರಿ ಬಿಡಬೇಡಿ.

ಪುಕ್ಕಟೆ ಚಿತ್ರಕ್ಕೆ ಖಂಡಿತ ಒಪ್ಪಬೇಡಿ. ಪೋರ್ಟ್‌ಫೋಲಿಯೊಗೆ ನಿಮಗೆ ಬೇಕಾದ ಕಥೆಯನ್ನು ನೀವೇ ಆರಿಸಿಕೊಳ್ಳಬಹುದಾಗಿರುವಾಗ, ಬೇರೆಯವರ ಪುಸ್ತಕವನ್ನು ಕೂಲಿಯಿಲ್ಲದೆ ತುಂಬಿಸುವ ಅಗತ್ಯವೇನಿದೆ? ಅವರು ಹಣ ಕೊಡಲು ಮುಂದಾದರೆ ಮೊದಲು ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಣ ಕೊಟ್ಟು ಬರೆಸಿದ ಚಿತ್ರದ ಹಕ್ಕು ಬೇರೆ ಒಪ್ಪಂದವಿಲ್ಲದಿದ್ದರೆ ಬರೆಸಿದವರ ಪಾಲಾಗುವ ಸಂದರ್ಭಗಳಿವೆ. ಹಕ್ಕು ನಿಮ್ಮಲ್ಲೇ ಉಳಿಯುತ್ತದೆ, ಅವರಿಗೆ ಇಂಥ ಪುಸ್ತಕಕ್ಕೆ, ಇಷ್ಟು ವರ್ಷಕ್ಕೆ ಬಳಸುವ ಅನುಮತಿ ಮಾತ್ರ ಎಂದು ಸ್ಪಷ್ಟವಾಗಿ ಬರೆಸಿ, ಅಚ್ಚಾದ ಪುಟಗಳನ್ನು ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ತೋರಿಸುವ ಮಾತನ್ನೂ ಅದರಲ್ಲೇ ಸೇರಿಸಿ.