80 ಕೆ.ಜಿ. ಫೆರಿಕ್ ಆಕ್ಸೈಡಿನಿಂದ 160 ಕೆ.ಜಿ. ಕಬ್ಬಿಣ ಯಾಕೆ ಬರುವುದಿಲ್ಲ?

80 ಕೆ.ಜಿ. ಫೆರಿಕ್ ಆಕ್ಸೈಡ್ (ಕಬ್ಬಿಣ ಮತ್ತು ಆಮ್ಲಜನಕದ ಸಂಯುಕ್ತ) ಕಾರ್ಬನ್ ಮಾನಾಕ್ಸೈಡ್ ಅನಿಲದೊಂದಿಗೆ ವರ್ತಿಸಿದರೆ ಎಷ್ಟು ಕಬ್ಬಿಣ ಸಿಗುತ್ತದೆ ಎಂಬ ಲೆಕ್ಕಕ್ಕೆ ನೀವು 160 ಕೆ.ಜಿ. ಎಂದು ಉತ್ತರಿಸಿದ್ದೀರಿ. ನೀವು ಬರೆದ ಸಮೀಕರಣ ಸರಿಯಾಗಿಯೇ ಇದೆ: 1 ಫೆರಿಕ್ ಆಕ್ಸೈಡ್ + 3 ಕಾರ್ಬನ್ ಮಾನಾಕ್ಸೈಡ್ → 2 ಕಬ್ಬಿಣ + 3 ಕಾರ್ಬನ್ ಡೈಆಕ್ಸೈಡ್. ತಪ್ಪಿದ್ದು, 1:2 ಎನ್ನುವುದನ್ನು ತೂಕಕ್ಕೆ ಹಚ್ಚಿ 80ನ್ನು ಎರಡರಿಂದ ಗುಣಿಸಿದಲ್ಲಿ. ಆ ಅಂಕಿಗಳು ಮೋಲ್‌ಗಳ ಎಣಿಕೆ, ತೂಕವಲ್ಲ. ಮೋಲ್ ಎಂದರೆ ಡಜನ್ ಇದ್ದಂತೆ, ಕಣಗಳ ಒಂದು ನಿಗದಿತ ಸಂಖ್ಯೆ. ಆಕ್ಸೈಡಿನಿಂದ ಆಮ್ಲಜನಕ ಕಳೆದುಹೋಗುತ್ತಿದೆ. ಉಳಿಯುವ ಕಬ್ಬಿಣ 80 ಕೆ.ಜಿ.ಗಿಂತ ಕಡಿಮೆಯೇ ಇರಬೇಕು. ಲೆಕ್ಕ ಶುರು ಮಾಡುವ ಮುಂಚೆಯೇ ಇಷ್ಟು ಯೋಚಿಸಿಬಿಡಿ.

ಪರಮಾಣು ರಾಶಿ ಕಬ್ಬಿಣಕ್ಕೆ 56, ಆಮ್ಲಜನಕಕ್ಕೆ 16, ಕಾರ್ಬನ್‌ಗೆ 12 ಎಂದು ಹಿಡಿಯೋಣ. ಆಕ್ಸೈಡಿನ ಮೋಲಾರ್ ರಾಶಿ, ಅಂದರೆ ಒಂದು ಮೋಲ್ ಆಕ್ಸೈಡಿನ ತೂಕ, (2 × 56) + (3 × 16) = 160 ಗ್ರಾಂ. 80,000 ಗ್ರಾಂ ÷ 160 = 500 ಮೋಲ್. ಈಗ ಮಾತ್ರ 1:2 ಬಳಸಿ: ಕಬ್ಬಿಣ 1,000 ಮೋಲ್. ಅದನ್ನು 56ರಿಂದ ಗುಣಿಸಿದರೆ 56 ಕೆ.ಜಿ. ಇಲ್ಲಿ 112ರಿಂದ (2 × 56) ಗುಣಿಸುವವರೂ ಇದ್ದಾರೆ. ಆ 2 ಆಗಲೇ ಮೋಲ್ ಲೆಕ್ಕದಲ್ಲಿ ಬಂದುಹೋಗಿದೆ, ಎರಡನೇ ಸಲ ಹಾಕಬಾರದು.

ತಾಳೆ ನೋಡಿ. ಮಾನಾಕ್ಸೈಡ್ 1,500 ಮೋಲ್ × 28 = 42 ಕೆ.ಜಿ., ಡೈಆಕ್ಸೈಡ್ 1,500 × 44 = 66 ಕೆ.ಜಿ. ಎಡಕ್ಕೆ 80 + 42, ಬಲಕ್ಕೆ 56 + 66, ಎರಡೂ 122. ಇದು ಕೂಡಿಬರದಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ನಿಮ್ಮ ಎರಡನೇ ಪ್ರಶ್ನೆಯಲ್ಲಿ ಆಕ್ಸೈಡ್ ಅಷ್ಟೇ 80 ಕೆ.ಜಿ., ಆದರೆ ಮಾನಾಕ್ಸೈಡ್ 28 ಕೆ.ಜಿ. ಮಾತ್ರ ಇದೆ, ಅಂದರೆ 1,000 ಮೋಲ್. ಆಕ್ಸೈಡ್ 500, ಅನಿಲ 1,000, ಹಾಗಾಗಿ ಅನಿಲವೇ ಹೆಚ್ಚು ಎಂದು ತೀರ್ಮಾನಿಸಿದ್ದೀರಿ. ಮೋಲ್‌ಗಳನ್ನು ನೇರವಾಗಿ ಹೋಲಿಸಬೇಡಿ; ಪ್ರತಿಯೊಂದನ್ನೂ ಅದರ ಗುಣಾಂಕದಿಂದ (ಸಮೀಕರಣದಲ್ಲಿ ಅದರ ಹಿಂದೆ ಬರೆದ ಅಂಕಿ) ಭಾಗಿಸಿ. 500 ÷ 1 = 500, 1,000 ÷ 3 = 333.3. ಮೊದಲು ಮುಗಿಯುವುದು ಅನಿಲ. ಕಬ್ಬಿಣ 666.7 ಮೋಲ್, ಸುಮಾರು 37.3 ಕೆ.ಜಿ.; ಆಕ್ಸೈಡ್ ಸುಮಾರು 26.7 ಕೆ.ಜಿ. ಹಾಗೇ ಉಳಿಯುತ್ತದೆ. ನಡುವೆ 333 ಎಂದು ಮೊಟಕು ಮಾಡದೆ ಕೊನೆಯಲ್ಲಿ ಮಾತ್ರ ದುಂಡಾಗಿಸಿ.

ಶುದ್ಧತೆ ಕೊಟ್ಟಿದ್ದರೆ ಅದು ಯಾವುದರ ಶೇಕಡಾ ಎಂದು ಓದಿಕೊಳ್ಳಿ. 'ಶೇ 80 ಫೆರಿಕ್ ಆಕ್ಸೈಡ್' ಇರುವ 100 ಕೆ.ಜಿ. ಅದಿರಿನಲ್ಲಿ ಆಕ್ಸೈಡ್ 80 ಕೆ.ಜಿ., ಅದರಿಂದ ಕಬ್ಬಿಣ 56. ಆದರೆ ಬಳ್ಳಾರಿಯ ಹೆಮಟೈಟ್‌ನಂಥ (ಮುಖ್ಯವಾಗಿ ಫೆರಿಕ್ ಆಕ್ಸೈಡ್ ಇರುವ) ಅದಿರಿನ ದರ್ಜೆಯನ್ನು ಸಾಮಾನ್ಯವಾಗಿ ಕಬ್ಬಿಣದ ಅಂಶದಲ್ಲೇ ಹೇಳುತ್ತಾರೆ. ಶೇ 63 ಎಂದಿದ್ದರೆ 100 ಕೆ.ಜಿ.ಯಲ್ಲಿ ಕಬ್ಬಿಣವೇ 63 ಕೆ.ಜಿ.; ಅದನ್ನು ಮತ್ತೆ 112/160ರಿಂದ (ಆಕ್ಸೈಡಿನ ತೂಕದಲ್ಲಿ ಕಬ್ಬಿಣದ ಪಾಲು) ಗುಣಿಸಬೇಕಿಲ್ಲ.